ಚಳಿನಾಡಿನ ಹೊಳೆಗೆ ಗಾಳ ಹಾಕಲು ಹೋಗುವವರು ಕಟ್ಟಿಕೊಳ್ಳಬೇಕಾದ ಗಂಟು



ಭಾನುವಾರ ಸಂಜೆ ವಾಚನಾಲಯದ ಮೇಜಿನ ಬಳಿ ಕೂರುವ ಸರದಿ ನನ್ನದು. ಕಳೆದ ತಿಂಗಳು ಮೂವರು ತರುಣ ಸದಸ್ಯರು ಬಂದು, "ಮೇ ಕೊನೆಗೆ ಹತ್ತು ದಿನ ರಜೆ ಸಿಕ್ಕಿದೆ. ಹಿಮಾಚಲದ ಹೊಳೆಯಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕಿ ಬರಬೇಕೆಂದಿದ್ದೇವೆ. ಹೇಗೂ ಬೇಸಿಗೆ. ತಲೆಗೆ ಎರಡು ಜೀನ್ಸ್, ನಾಲ್ಕು ಟೀಶರ್ಟ್ ಸಾಕಲ್ಲವೇ?" ಎಂದು ಕೇಳಿದರು. ಸಾಲದು ಎಂದೆ. ಏಕೆ ಸಾಲದು, ಮತ್ತೇನು ಬೇಕು ಎಂದು ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಈಗ ಎಲ್ಲರಿಗಾಗಿ ಬರೆಯುತ್ತಿದ್ದೇನೆ. ಚಳಿ ಊರಿಗೆ ಹೋಗುವವರೆಲ್ಲರಿಗೂ ಇದರಲ್ಲಿ ಸ್ವಲ್ಪ ಉಪಯೋಗ ಇದ್ದೀತು.

ನಮ್ಮ ಸದಸ್ಯರಲ್ಲಿ ಅನೇಕರು ಕರಾವಳಿಯವರು. ನೇತ್ರಾವತಿಯಲ್ಲೋ ಸೀತಾನದಿಯಲ್ಲೋ ಲುಂಗಿ ಎತ್ತಿ ಕಟ್ಟಿ, ಸೊಂಟದ ತನಕ ನೀರಿನಲ್ಲಿ ನಿಂತು ಗಾಳ ಹಾಕಿದವರು. ಅವರಿಗೆ ಗಾಳವೂ ಹೊಸತಲ್ಲ, ನೀರೂ ಹೊಸತಲ್ಲ. ಆದರೆ ಆ ನೀರು ಬೆಚ್ಚಗಿನ ನೀರು. ಅಲ್ಲಿ ನೆನೆದರೆ ಹಿತವೇ ಹೊರತು ಹಾನಿಯಿಲ್ಲ. ಹಿಮ ಕರಗಿ ಬರುವ ಹೊಳೆಯಲ್ಲಿ ಲೆಕ್ಕವೇ ಬೇರೆ.

ಟ್ರೌಟ್ ಮೀನು ನಮ್ಮ ದೇಶದ್ದಲ್ಲ. ಬ್ರಿಟಿಷರ ಕಾಲದಲ್ಲಿ ಇದರ ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿ ೧೯೦೦ರ ಸುಮಾರಿಗೆ ಕಾಶ್ಮೀರದ ಹೊಳೆಗಳಲ್ಲಿ ಬೆಳೆಸಿದರು. ಅಲ್ಲಿಂದ ೧೯೦೯ರಲ್ಲಿ ಕುಲು ಕಣಿವೆಗೆ ತಂದರು. ಈಗ ಬಿಯಾಸ್ ನದಿಯಲ್ಲೂ ಅದನ್ನು ಸೇರುವ ತೀರ್ಥನ್, ಸೈಂಜ್, ಊಹಲ್ ಮುಂತಾದ ಹೊಳೆಗಳಲ್ಲೂ ಇದು ನೆಲೆಯೂರಿದೆ. ನಮ್ಮ ತರುಣರು ಹೊರಟಿರುವುದು ತೀರ್ಥನ್ ಕಣಿವೆಗೆ. ಚಂಡೀಗಢದವರೆಗೆ ರೈಲು, ಅಲ್ಲಿಂದ ಕುಲು ರಸ್ತೆಯ ಬಸ್ಸಿನಲ್ಲಿ ಔಟ್ ಎಂಬಲ್ಲಿಗೆ, ಮತ್ತೆ ಬಂಜಾರ್ ಕಡೆಯ ಬಸ್ಸು. ಗುಶೈನಿ ಎಂಬ ಹಳ್ಳಿಯ ಆಸುಪಾಸಿನಲ್ಲಿ ಹೊಳೆಯ ದಂಡೆಯ ಮೇಲೆಯೇ ಇಳಿದುಕೊಳ್ಳುವ ಮನೆಗಳಿವೆ.

ಈ ಮೀನಿಗೆ ತಣ್ಣೀರೇ ಏಕೆ ಬೇಕು? ನೀರು ತಣ್ಣಗಿದ್ದಷ್ಟೂ ಅದರಲ್ಲಿ ಪ್ರಾಣವಾಯು ಹೆಚ್ಚು ಕರಗಿರುತ್ತದೆ. ಹತ್ತು ಡಿಗ್ರಿಯ ಒಂದು ಲೀಟರು ನೀರಿನಲ್ಲಿ ಸುಮಾರು ೧೧ ಮಿಲಿಗ್ರಾಂ ಪ್ರಾಣವಾಯು ಹಿಡಿಸಿದರೆ ಮೂವತ್ತು ಡಿಗ್ರಿಯ ನೀರಿನಲ್ಲಿ ಏಳೂವರೆಯಷ್ಟು ಮಾತ್ರ. ಟ್ರೌಟ್ ಹೆಚ್ಚು ಪ್ರಾಣವಾಯು ಬೇಡುವ ಮೀನು. ಇಪ್ಪತ್ತು ಡಿಗ್ರಿ ದಾಟಿದ ನೀರು ಅದಕ್ಕೆ ಒಗ್ಗದು. ಆದ್ದರಿಂದ ಟ್ರೌಟ್ ಇದ್ದಲ್ಲಿ ನೀರು ಕೊರೆಯುವಷ್ಟು ತಣ್ಣಗಿರುತ್ತದೆ ಎಂದು ಗಂಟು ಕಟ್ಟುವ ಮೊದಲೇ ತಿಳಿದಿರಬೇಕು.

ಇನ್ನು ಗಾಳಿಯ ಮಾತು. ಸಮುದ್ರಮಟ್ಟದಿಂದ ಸಾವಿರ ಮೀಟರು ಏರಿದಂತೆ ಸುಮಾರು ಆರೂವರೆ ಡಿಗ್ರಿ ಉಷ್ಣ ಇಳಿಯುತ್ತದೆ. ಗುಶೈನಿ ಇರುವುದು ಸುಮಾರು ೧೫೦೦ ಮೀಟರಿನಲ್ಲಿ. ಮೇ ತಿಂಗಳ ಮಧ್ಯಾಹ್ನ ಅಲ್ಲಿ ಅಂಗಿ ಕಳಚಬೇಕೆನಿಸುವಷ್ಟು ಬಿಸಿಲು. ಇದೇ ನಮ್ಮಂಥವರನ್ನು ಮೋಸಗೊಳಿಸುವುದು. ಮೂರು ಗಂಟೆಗೆ ಮೋಡ ಕವಿದು ಅರ್ಧ ಗಂಟೆ ಮಳೆ ಸುರಿದರೆ, ಕಣಿವೆಯ ಗಾಳಿ ಬೀಸಿದರೆ, ಅದೇ ಜಾಗ ಪೌಷ ಮಾಸದ ಬೆಳಗಿನಂತಾಗುತ್ತದೆ.

ಎರಡು ವರ್ಷದ ಹಿಂದೆ ನಾವು ನಾಲ್ವರು ಅಲ್ಲಿಗೆ ಹೋಗಿದ್ದೆವು. ನಮ್ಮಲ್ಲೊಬ್ಬ ಗೆಳೆಯ ಗಟ್ಟಿ ಆಳು, ಗಿರಣಿಯಲ್ಲಿ ಬೇಲು ಎತ್ತುವವನು. ಮೈಮೇಲೆ ಹತ್ತಿಯ ಬನಿಯನ್, ಅದರ ಮೇಲೆ ಹತ್ತಿಯ ದಪ್ಪ ಅಂಗಿ, ಕೆಳಗೆ ಜೀನ್ಸ್. ಮಧ್ಯಾಹ್ನ ಕಲ್ಲಿನಿಂದ ಜಾರಿ ತೊಡೆಯ ತನಕ ನೆನೆದ. ಬಿಸಿಲಿದ್ದುದರಿಂದ ನಾವೆಲ್ಲ ನಕ್ಕೆವು. ಆಮೇಲೆ ಮಳೆ ಬಂತು. ಒಂದು ಗಂಟೆ ಕಳೆಯುವುದರೊಳಗೆ ಅವನಿಗೆ ದಾರದ ಗಂಟು ಹಾಕಲು ಬೆರಳು ಬಾಗದಾಯಿತು. ನಡುಗುತ್ತಿದ್ದವನು ಸ್ವಲ್ಪ ಹೊತ್ತಿನಲ್ಲಿ ನಡುಗುವುದನ್ನು ನಿಲ್ಲಿಸಿದ. ಒಳ್ಳೆಯದಾಯಿತೆಂದುಕೊಂಡೆವು. ಅದು ಒಳ್ಳೆಯದಲ್ಲವೆಂದು ನಮಗೆ ಗೊತ್ತಿರಲಿಲ್ಲ. ಮಾತು ತೊದಲತೊಡಗಿತು. "ನನ್ನನ್ನು ಇಲ್ಲೇ ಬಿಡಿ, ಸ್ವಲ್ಪ ಮಲಗುತ್ತೇನೆ" ಎಂದ. ದಾರಿಯ ಮನೆಯೊಂದರ ಮುದುಕರು ಅವನನ್ನು ನೋಡಿದ ಕೂಡಲೇ ಒಳಗೆ ಕರೆದು, ಒದ್ದೆ ಬಟ್ಟೆಯನ್ನೆಲ್ಲ ಕಳಚಿಸಿ, ಮೈ ಒರೆಸಿ, ತಾವು ಹೊದ್ದಿದ್ದ ಉಣ್ಣೆಯ ಹೊದಿಕೆಯಲ್ಲಿ ಸುತ್ತಿ ಮಲಗಿಸಿದರು. ರಾತ್ರಿಯ ಹೊತ್ತಿಗೆ ಗೆಳೆಯ ಸರಿಯಾದ. ಆ ಮನೆ ಅಲ್ಲಿ ಇರದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಾನು ಹತ್ತು ವರ್ಷಗಳಿಂದ ಗಿರಣಿಯ ಖಾತೆಯಲ್ಲಿ ಹತ್ತಿಯ ತೂಕ ಬರೆಯುವವನು. ಹತ್ತಿ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಪೂರ್ತಿ ಒಣಗಿದ ನೂರು ಕಿಲೋ ಹತ್ತಿ ಸಾಮಾನ್ಯ ಹವೆಯಲ್ಲಿ ಎಂಟೂವರೆ ಕಿಲೋ ನೀರನ್ನು ಸೇರಿಸಿಕೊಂಡಿರುತ್ತದೆಂದು ವ್ಯಾಪಾರದಲ್ಲಿ ಲೆಕ್ಕ. ಈ ಎಂಟೂವರೆಯನ್ನು ಸಾವಿರ ಸಲ ಬರೆದಿದ್ದೇನೆ. ಅದರ ಅರ್ಥ ನನಗೆ ಆದದ್ದು ಆ ಸಂಜೆ.

ಹತ್ತಿಗೆ ನೀರೆಂದರೆ ಪ್ರೀತಿ. ಅದರ ಎಳೆ ನೀರು ಕುಡಿದು ಮೆತ್ತಗಾಗಿ, ಬಟ್ಟೆ ಮೈಗೆ ಅಂಟಿಕೊಳ್ಳುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ನೂಲಿನ ಬಲದಿಂದಲ್ಲ, ನೂಲುಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಆ ಗಾಳಿಯ ಜಾಗಕ್ಕೆ ನೀರು ಬಂದರೆ ಬೆಚ್ಚನೆಯೂ ಹೋಯಿತು, ಏಕೆಂದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಮೇಲಾಗಿ ಆ ನೀರು ಒಣಗಬೇಕಾದರೆ ಶಾಖ ಬೇಕು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೊರಮೈಯ ತೇವ ಆರುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುವುದರಿಂದ ತಾನೇ? ಒದ್ದೆ ಬನಿಯನ್ ತೊಟ್ಟವನು ಒಂದು ಹೂಜಿ. ಬಟ್ಟೆಯಲ್ಲಿರುವ ಅರ್ಧ ಕಿಲೋ ನೀರು ಮೈಮೇಲೆಯೇ ಒಣಗಬೇಕಾದರೆ ಸುಮಾರು ೨೯೦ ಕಿಲೋಕ್ಯಾಲೊರಿ ಶಾಖ ಖರ್ಚು. ಅಂದರೆ ಸುಮಾರು ಮೂರು ಚಪಾತಿಯ ಶಕ್ತಿ. ಮುಂಬಯಿಯ ಸೆಕೆಯಲ್ಲಿ ಹತ್ತಿ ನಮ್ಮನ್ನು ಕಾಯುವುದು ಇದೇ ಗುಣದಿಂದ, ಚಳಿನಾಡಿನಲ್ಲಿ ಕಾಡುವುದೂ ಇದೇ ಗುಣದಿಂದ.

ಉಣ್ಣೆಯ ಸ್ವಭಾವ ವಿಚಿತ್ರ. ತೂಕದ ಲೆಕ್ಕದಲ್ಲಿ ಅದು ಗಾಳಿಯಿಂದ ಹೀರುವ ತೇವ ಹತ್ತಿಗಿಂತ ಹೆಚ್ಚು, ನೂರಕ್ಕೆ ಸುಮಾರು ಹದಿನಾರು. ಹಾಗಾದರೆ ಅದು ಇನ್ನೂ ಕೆಟ್ಟದ್ದಲ್ಲವೇ ಎಂದು ಕೇಳಬಹುದು. ಅಲ್ಲ. ಉಣ್ಣೆಯ ಎಳೆಯ ಹೊರಮೈ ನೀರಿನ ಹನಿಯನ್ನು ಜಾರಿಸುತ್ತದೆ, ಆವಿಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ತೇವವೆಲ್ಲ ಎಳೆಯ ಹೊಟ್ಟೆಯೊಳಗೆ ಅಡಗುವುದರಿಂದ ಮೈಗೆ ಒದ್ದೆ ತಾಗುವುದು ನಿಧಾನ. ಹಾಗೆ ಅಡಗುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಎಳೆ ಸುರುಳಿಯಾಗಿರುವುದರಿಂದ ನೆನೆದರೂ ಪೂರ್ತಿ ಚಪ್ಪಟೆಯಾಗದೆ ನಡುವೆ ಗಾಳಿ ಉಳಿಸಿಕೊಳ್ಳುತ್ತದೆ.

ಇದನ್ನು ನಮ್ಮ ಹಿರಿಯರಿಗೆ ಯಾರೂ ಪುಸ್ತಕದಲ್ಲಿ ಬರೆದು ಕೊಟ್ಟಿರಲಿಲ್ಲ. ಚಿತ್ರದುರ್ಗದ ಕಡೆಯ ಕುರಿಗಾಹಿ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ದಿನವಿಡೀ ನಿಲ್ಲುತ್ತಾನೆ. ಕಂಬಳಿ ನೆನೆದು ಭಾರವಾದರೂ ಒಳಗೆ ಅವನು ಬೆಚ್ಚಗೇ ಇರುತ್ತಾನೆ. ಮಲೆನಾಡಿನಲ್ಲಿ ನಾಟಿ ಮಾಡುವವರು ಮಳೆಯನ್ನು ತಡೆಯಲು ಮೇಲೆ ಗೊರಬು ಹೊದೆಯುತ್ತಾರೆ. ಒಳಗೆ ಕಂಬಳಿ, ಮೇಲೆ ಗೊರಬು: ಚಳಿನಾಡಿನ ಉಡುಪಿನ ಶಾಸ್ತ್ರವೆಲ್ಲ ಇಷ್ಟರಲ್ಲೇ ಇದೆ. ಈಗ ಅದನ್ನೇ ಮೂರು ಪದರವೆಂದು ಹೇಳುತ್ತಾರೆ.

ಮೊದಲನೆಯ ಪದರ ಮೈಗೆ ತಾಗುವ ಬಟ್ಟೆ. ಇದು ಹತ್ತಿಯದಾಗಕೂಡದು. ತೆಳು ಉಣ್ಣೆಯದಾದರೆ ಅತ್ಯುತ್ತಮ, ಆದರೆ ಬೆಲೆ ಹೆಚ್ಚು. ನಮ್ಮ ಪಗಾರಕ್ಕೆ ಒಗ್ಗುವುದು ಪಾಲಿಯೆಸ್ಟರಿನ ಆಟದ ಅಂಗಿ. ಪಾಲಿಯೆಸ್ಟರು ನೂರಕ್ಕೆ ಅರ್ಧದಷ್ಟೂ ತೇವ ಹೀರುವುದಿಲ್ಲ. ಹಿಂಡಿ ಕೊಡವಿದರೆ ಬೇಗ ಒಣಗುತ್ತದೆ. ಕಬಡ್ಡಿ, ಕ್ರಿಕೆಟ್ ಆಡುವ ಹುಡುಗರ ಬಳಿ ಇದು ಇದ್ದೇ ಇರುತ್ತದೆ.

ಎರಡನೆಯದು ಬೆಚ್ಚನೆಯ ಪದರ, ಅಂದರೆ ಸ್ವೆಟರು. ದಪ್ಪದ ಒಂದಕ್ಕಿಂತ ತೆಳುವಾದ ಎರಡು ಮೇಲು. ಎರಡರ ನಡುವೆಯೂ ಗಾಳಿ ನಿಲ್ಲುತ್ತದೆ, ಸೆಕೆಯಾದರೆ ಒಂದನ್ನು ತೆಗೆಯಬಹುದು. ಚಳಿಗಾಲದಲ್ಲಿ ಟಿಬೆಟಿನವರು ನಮ್ಮ ನಗರಗಳಿಗೆ ಬಂದು ಸ್ವೆಟರು ಮಾರುವುದನ್ನು ನೀವು ಕಂಡಿದ್ದೀರಿ. ಅವರಲ್ಲಿ ಬೈಲಕುಪ್ಪೆ, ಮುಂಡಗೋಡುಗಳಿಂದ ಬಂದವರೂ ಇರುತ್ತಾರೆ. ಕನ್ನಡದಲ್ಲಿ ಮಾತನಾಡಿಸಿ ನೋಡಿ, ಚೌಕಾಶಿ ಸುಲಭವಾಗಬಹುದು. ಉಣ್ಣೆಯೋ ಅಲ್ಲವೋ ಎಂದು ಪರೀಕ್ಷಿಸಲು ಕೊಂಡ ಮೇಲೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಅಕ್ರಿಲಿಕ್ ಬಂದರೂ ಬೇಸರ ಬೇಡ. ಅದು ನೀರು ಹೀರುವುದು ಕಡಿಮೆ, ಹತ್ತಿಗಿಂತ ನೂರು ಪಾಲು ವಾಸಿ. ಆದರೆ ಒಲೆಯ ಹತ್ತಿರ ಜಾಗರೂಕರಾಗಿರಬೇಕು. ಹಕ್ಕಿಯ ಗರಿ ತುಂಬಿದ ಜಾಕೀಟು ಒಣ ಚಳಿಗೆ ಚೆನ್ನ, ನೆನೆದರೆ ಮುದ್ದೆಯಾಗುತ್ತದೆ. ಹೊಳೆಗೆ ಅದು ಬೇಡ.

ಮೂರನೆಯದು ನಮ್ಮ ಗೊರಬು: ಟೊಪ್ಪಿಗೆಯಿರುವ ಮಳೆ ಕೋಟು ಮತ್ತು ಮಳೆ ಪ್ಯಾಂಟು. ಸೈಕಲ್ಲು, ಸ್ಕೂಟರಿನವರು ಹಾಕುವ ಸಾಮಾನ್ಯ ಮಳೆ ಕೋಟೇ ಸಾಕು, ಸ್ವೆಟರಿನ ಮೇಲೆ ಹಿಡಿಸುವಷ್ಟು ಸಡಿಲವಿರಲಿ. ಮಳೆಯಿಲ್ಲದಿದ್ದರೂ ಗಾಳಿ ಬೀಸಿದಾಗ ಇದನ್ನು ಹಾಕಿಕೊಳ್ಳಬೇಕು. ಸ್ವೆಟರಿನ ಕಣ್ಣುಗಳಲ್ಲಿ ಗಾಳಿ ನುಗ್ಗುವುದನ್ನು ತಡೆಯುವುದು ಇದೇ. ಛತ್ರಿ ಮಾತ್ರ ಉಪಯೋಗಕ್ಕೆ ಬಾರದು. ಒಂದು ಕೈಯಲ್ಲಿ ಗಾಳದ ಕೋಲು ಇರುತ್ತದೆ.

ಕೆಳಗೆ ಪಾಲಿಯೆಸ್ಟರಿನ ಸಡಿಲ ಪ್ಯಾಂಟು. ಜೀನ್ಸ್ ಅಪ್ಪಟ ಹತ್ತಿ, ಅದೂ ದಪ್ಪ ಹತ್ತಿ. ನೆನೆದರೆ ತೂಕ ಎರಡು ಪಟ್ಟಾಗಿ, ಮರುದಿನ ಸಂಜೆಗೂ ಒಣಗುವುದಿಲ್ಲ. ರೈಲಿನಲ್ಲಿ ಹಾಕಿಕೊಳ್ಳಿ, ಹೊಳೆಗೆ ಒಯ್ಯಬೇಡಿ.

ಕಾಲಿಗೆ ಉಣ್ಣೆಯ ಕಾಲುಚೀಲ ಮೂರು ಜೊತೆ. ಒಂದು ಕಾಲಿನಲ್ಲಿ, ಒಂದು ಒಣಗಲು, ಒಂದು ರಾತ್ರಿಗೆ. ಹೊಳೆಯ ಕಲ್ಲುಗಳ ಮೇಲೆ ಪಾಚಿ ಇರುವುದರಿಂದ ಅಂಗಾಲಿನಲ್ಲಿ ಹಿಡಿತವಿರುವ ಬೂಟು ಬೇಕು, ಚಪ್ಪಲಿ ಕೂಡದು. ತೊಡೆಯ ತನಕ ಬರುವ ರಬ್ಬರಿನ ಬೂಟು ಕೆಲವರು ಬಾಡಿಗೆಗೆ ಕೊಡುತ್ತಾರೆ. ಹೊಸಬರು ಅದರ ಆಸೆಗೆ ಬೀಳಬಾರದು. ಜಾರಿ ಬಿದ್ದರೆ ಒಳಗೆ ನೀರು ತುಂಬಿ ಏಳುವುದೇ ಕಷ್ಟ. ದಂಡೆಯಿಂದ ಗಾಳ ಹಾಕಿದರೂ ಮೀನು ಸಿಗುತ್ತದೆ. ತಲೆಗೆ ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಗೆ ಒಂದು, ಬಿಸಿಲಿಗೆ ಅಂಚಿನ ಟೊಪ್ಪಿಗೆ ಒಂದು. ಎತ್ತರದಲ್ಲಿ ಬಿಸಿಲು ನಮ್ಮ ಊರಿಗಿಂತ ಬೇಗ ಚರ್ಮ ಸುಡುತ್ತದೆ, ನೀರಿನಿಂದ ಮರಳಿ ಬಂದ ಬಿಸಿಲೂ ಮುಖಕ್ಕೆ ಬಡಿಯುತ್ತದೆ. ತುಂಬುತೋಳಿನ ಅಂಗಿ, ಕಪ್ಪು ಕನ್ನಡಕ ಇರಲಿ. ಕನ್ನಡಕ ಹಾರಿ ಬರುವ ಕೊಕ್ಕೆಯಿಂದಲೂ ಕಣ್ಣನ್ನು ಕಾಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಒಂದು ಜೊತೆ ಒಣ ಬಟ್ಟೆಯನ್ನು, ಅಂದರೆ ಒಳಅಂಗಿ, ಸ್ವೆಟರು, ಪಾಯಜಾಮ, ಕಾಲುಚೀಲ, ಟವೆಲು, ಇವನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ ಬಾಯಿ ಕಟ್ಟಿ. ಇದನ್ನು ಮಡಿಬಟ್ಟೆಯೆಂದು ತಿಳಿಯಿರಿ. ಅಜ್ಜಿ ಮಡಿಬಟ್ಟೆಯನ್ನು ಕೋಲಿನಿಂದ ಎತ್ತಿ ಒಣಹಾಕಿ ಯಾರೂ ಮುಟ್ಟದಂತೆ ಕಾಯುತ್ತಿದ್ದಳಲ್ಲ, ಅಷ್ಟೇ ಕಟ್ಟುನಿಟ್ಟು. ಬೆಳಿಗ್ಗೆ ಚಳಿಯೆಂದು ಅದನ್ನು ತೊಡಬಾರದು, ಗೆಳೆಯ ಬೇಡಿದನೆಂದು ಸುಮ್ಮನೆ ಕೊಡಬಾರದು. ಪೂರ್ತಿ ನೆನೆದಾಗ ಮಾತ್ರ ಬಿಚ್ಚುವ ಗಂಟು ಅದು. ದಿನವೂ ಹೊಳೆಯ ಬಳಿಗೆ ಬೆನ್ನುಚೀಲದಲ್ಲಿ ಒಯ್ಯಬೇಕು. ನಮ್ಮ ಗೆಳೆಯನಿಗೂ ಒಣ ಬಟ್ಟೆ ಇತ್ತು, ಎರಡು ಮೈಲಿ ದೂರದ ಕೋಣೆಯಲ್ಲಿ. ಇದ್ದೂ ಇಲ್ಲದಂತೆ.

ಗಾಳದ ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಆರೇಳು ಅಡಿಯ ಹಗುರ ಕೋಲು, ಸಣ್ಣ ರಾಟೆ, ತೆಳು ನೈಲಾನ್ ದಾರ, ಹೊಳೆಯುವ ತಗಡು ತಿರುಗುವ ಸಣ್ಣ ಸ್ಪಿನ್ನರುಗಳು ನಾಲ್ಕಾರು. ಕೋಲನ್ನು ಇಲ್ಲಿಂದ ಹೊರಬೇಕಾಗಿಲ್ಲ, ಇಳಿದುಕೊಳ್ಳುವ ಮನೆಗಳಲ್ಲಿ ಬಾಡಿಗೆಗೆ ಸಿಗುವುದುಂಟು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಿ. ಮೀನನ್ನು ಗಾಯವಿಲ್ಲದೆ ಬಿಡಬಹುದು, ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ. ಹಿಡಿದ ಮೀನನ್ನು ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಇಲ್ಲದೆ ಗಾಳ ಹಾಕುವಂತಿಲ್ಲ. ನವೆಂಬರ್ ಮೊದಲ ದಿನದಿಂದ ಫೆಬ್ರವರಿ ಕೊನೆಯವರೆಗೆ ಮೀನು ಮೊಟ್ಟೆಯಿಡುವ ಕಾಲವೆಂದು ಟ್ರೌಟ್ ಹಿಡಿಯುವುದಕ್ಕೆ ಪೂರ್ತಿ ನಿಷೇಧ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದೆಂಬ ನಿಯಮವನ್ನು ಪರವಾನಗಿ ಪಡೆಯುವಾಗ ಕೇಳಿ ಬರೆದುಕೊಳ್ಳಿ. ಜುಲೈ, ಆಗಸ್ಟಿನ ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕುವುದರಿಂದ ಹೋಗದಿರುವುದೇ ಲೇಸು.

ಗಂಟಿನಲ್ಲಿ ಕಟ್ಟಲಾಗದ ಒಂದು ವಸ್ತುವೂ ಬೇಕು, ಅದು ಎಚ್ಚರ. ತೀರ್ಥನ್ ಹೊಳೆ ಲಾರ್ಜಿ ಎಂಬಲ್ಲಿ ಬಿಯಾಸ್ ನದಿಯನ್ನು ಸೇರುತ್ತದೆ. ಅಲ್ಲೊಂದು ಅಣೆಕಟ್ಟಿದೆ. ೨೦೧೪ರ ಜೂನ್ ೮ರಂದು ಅದರ ಕೆಳಗಿನ ಥಲೌಟ್ ಬಳಿ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೆ, ಅಣೆಕಟ್ಟಿನಿಂದ ಬಿಟ್ಟ ನೀರು ಏಕಾಏಕಿ ಏರಿ ಬಂದು ೨೪ ಮಂದಿ ಕೊಚ್ಚಿಹೋದರು. ಅವರೂ ನಮ್ಮಂತೆ ಬಿಸಿಲ ನಾಡಿನಿಂದ ರಜೆಗೆ ಹೋದವರೇ. ಅಣೆಕಟ್ಟಿನ ಕೆಳಗೆ ನದಿಯ ಒಳಕ್ಕೆ ಎಂದೂ ಇಳಿಯಬೇಡಿ. ಅಣೆಕಟ್ಟಿಲ್ಲದ ಹೊಳೆಯಲ್ಲೂ ಹಗಲೆಲ್ಲ ಕರಗಿದ ಹಿಮದ ನೀರು ಇಳಿಹೊತ್ತಿಗೆ ಏರುತ್ತದೆ. ಮಧ್ಯಾಹ್ನ ನೀವು ದಾಟಿದ ಕಲ್ಲು ಸಂಜೆ ಮುಳುಗಿರಬಹುದು. ನೀರು ಮಣ್ಣುಬಣ್ಣಕ್ಕೆ ತಿರುಗಿದರೆ, ಕಸಕಡ್ಡಿ ತೇಲಿ ಬಂದರೆ, ಕೋಲನ್ನು ಬಿಟ್ಟಾದರೂ ಮೇಲಕ್ಕೆ ಹತ್ತಬೇಕು.

ಜೊತೆಗಾರನಿಗೆ ಚಳಿ ಹಿಡಿದರೆ ಮಾಡಬೇಕಾದ್ದು ಇಷ್ಟು. ಬೆರಳು ಬಾಗದಿರುವುದು, ಮಾತು ತೊದಲುವುದು, ಎಡವುವುದು, ಸುಮ್ಮನೆ ಮಲಗುತ್ತೇನೆನ್ನುವುದು, ಇವು ಅಪಾಯದ ಗುರುತು. ಗಾಳಿಯಿಂದ ಮರೆಗೆ ಒಯ್ದು ಒದ್ದೆ ಬಟ್ಟೆ ಪೂರ್ತಿ ಕಳಚಿ. ನಾಚಿಕೆಯ ಹೊತ್ತಲ್ಲ ಅದು. ಮೈ ಒರೆಸಿ ಮಡಿಬಟ್ಟೆ ತೊಡಿಸಿ, ತಲೆ ಮುಚ್ಚಿ, ಹೊದಿಸಿ, ಕೆಳಗೂ ಏನಾದರೂ ಹಾಸಿ. ಎಚ್ಚರವಾಗಿದ್ದು ನುಂಗಬಲ್ಲನಾದರೆ ಸಿಹಿಯಾದ ಬಿಸಿ ಚಹಾ ಕೊಡಿ. ಕೈಕಾಲು ತಿಕ್ಕಬೇಡಿ, ಬೆಂಕಿಗೆ ತೀರ ಹತ್ತಿರ ಕೂರಿಸಬೇಡಿ. ರಮ್ಮು ಕುಡಿದರೆ ಚಳಿ ಹೋಗುತ್ತದೆಂಬುದು ತಪ್ಪು. ಅದು ಚರ್ಮದ ರಕ್ತನಾಳಗಳನ್ನು ಅಗಲಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಬೆಚ್ಚಗಾದಂತೆ ತೋರುವುದು ಬರಿಯ ಭ್ರಮೆ. ನಡುಕ ನಿಂತು ಮಂಕಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಐದಾರು ದಿನದ ಹೊಳೆಯ ವಾಸಕ್ಕೆ ಒಬ್ಬನ ಗಂಟು:

೧. ಪಾಲಿಯೆಸ್ಟರಿನ ತುಂಬುತೋಳಿನ ಅಂಗಿ ೩
೨. ಪಾಲಿಯೆಸ್ಟರಿನ ಪ್ಯಾಂಟು ೨, ಚಳಿಗೆ ಒಳಗಿನ ಉದ್ದ ಪಾಯಜಾಮ ೧ (ಹತ್ತಿಯದಲ್ಲ)
೩. ತೆಳು ಸ್ವೆಟರು ೨, ಮಡಿಗಂಟಿನದು ಬೇರೆ ೧
೪. ಮಳೆ ಕೋಟು, ಮಳೆ ಪ್ಯಾಂಟು ೧ ಜೊತೆ
೫. ಉಣ್ಣೆಯ ಕಾಲುಚೀಲ ೩ ಜೊತೆ, ಮಡಿಗಂಟಿನದು ಬೇರೆ ೧ ಜೊತೆ
೬. ಉಣ್ಣೆಯ ಟೊಪ್ಪಿಗೆ ೧, ಬಿಸಿಲ ಟೊಪ್ಪಿಗೆ ೧, ಕಪ್ಪು ಕನ್ನಡಕ ೧
೭. ಹಿಡಿತದ ಬೂಟು ೧ ಜೊತೆ, ಕೋಣೆಗೆ ಚಪ್ಪಲಿ
೮. ಮಡಿಗಂಟು ೧
೯. ಥರ್ಮಾಸು, ಬೆಲ್ಲ ಕಡಲೆ, ಟಾರ್ಚು, ಬೆಂಕಿಪೆಟ್ಟಿಗೆ, ಸೀಟಿ, ಚಾಕು, ಇಕ್ಕಳ, ಪಟ್ಟಿ ಮತ್ತು ಗಾಯದ ಮುಲಾಮು
೧೦. ಗುರುತಿನ ಚೀಟಿ, ಪರವಾನಗಿ, ಹಣ: ಇವು ಪ್ಲಾಸ್ಟಿಕ್ ಚೀಲದಲ್ಲಿ

ಇಷ್ಟೆಲ್ಲ ಸೇರಿದರೂ ಒಂದು ಬೆನ್ನುಚೀಲ ಮತ್ತು ಒಂದು ಕೈಚೀಲದಲ್ಲಿ ಹಿಡಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಿಜ. ಎಲ್ಲವನ್ನೂ ಕೊಳ್ಳಬೇಕಾಗಿಲ್ಲ, ಎರವಲು ತನ್ನಿ. ಹೊರಡುವ ಮೊದಲ ಭಾನುವಾರ ಗಂಟನ್ನು ಬಿಚ್ಚಿ ಹರಡಿ, ಹೊಳೆಗೆ ಹೋಗುವ ಬಟ್ಟೆಯಲ್ಲಿ ಹತ್ತಿ ಎಲ್ಲಿದೆಯೆಂದು ಹುಡುಕಿ ತೆಗೆಯಿರಿ.

ಹತ್ತಿಯ ಅನ್ನ ತಿನ್ನುವವನು ಹತ್ತಿಯನ್ನು ಹೀಗೆ ದೂರಿದೆನೆಂದು ಗಿರಣಿಯ ಮಿತ್ರರು ನಗಬಹುದು. ಹತ್ತಿ ನಮ್ಮ ಊರಿಗೆ ದೊಡ್ಡ ವರ. ಅದನ್ನು ಅದರ ಊರಿನಲ್ಲೇ ಬಿಟ್ಟು ಹೋಗಿ ಎಂದಷ್ಟೇ ನನ್ನ ಮಾತು. ನಾವು ಮನೆಬಿಟ್ಟು ದೂರದ ನಗರಕ್ಕೆ ದುಡಿಯಲು ಬಂದವರು. ಊರಿನಲ್ಲಿ ನಮ್ಮ ಫೋನಿಗಾಗಿ ಕಾಯುವವರಿದ್ದಾರೆ. ಮೀನು ಸಿಕ್ಕರೂ ಸಿಗದಿದ್ದರೂ ಹೋದವರೆಲ್ಲ ಹೋದಂತೆಯೇ ಮರಳಿ ಬರಬೇಕು. ಆ ಮೂವರು ತರುಣರು ಜೂನ್ ಎರಡನೆಯ ಭಾನುವಾರ ವಾಚನಾಲಯಕ್ಕೆ ಬಂದು ತಮ್ಮ ಅನುಭವ ಹೇಳುವುದಾಗಿ ಒಪ್ಪಿದ್ದಾರೆ. ತಾವೂ ಬನ್ನಿ.